ಮುಗಿಲಿನ ಕಸ ಮತ್ತು ಉಮಾಮಹೇಶ್ವರಿ

ಉಮಾಮಹೇಶ್ವರಿಯವರಿಗೆ ಬರೀ ‘ಹೌದು’ ಎಂದು ಹೇಳಿ ಸುಮ್ಮನಾಗಲು ಬರುತ್ತಿರಲಿಲ್ಲ. ಕೇಳಿದವರಿಗೆ ಒಪ್ಪಿಗೆ ಕೊಟ್ಟು, ಅವರ ಮುಖ ಅರಳುವಷ್ಟು ಹೊತ್ತು ಕಾದು, ಆಮೇಲೆ ತೋರುಬೆರಳನ್ನು ಗದ್ದಕ್ಕೆ ತಾಗಿಸಿ, “ಇನ್ನೊಂದ್ ಮಾತೈತೆ” ಎನ್ನುತ್ತಿದ್ದರು. ಆ ಇನ್ನೊಂದು ಮಾತು ಯಾವಾಗಲೂ ಮೊದಲಿನ ಮಾತಿನ ಬೆನ್ನಿಗೆ ಅಡಗಿ ಕೂತಿದ್ದ ಕಷ್ಟದ ಮಾತೇ. ಎಸ್.ಎಸ್. ಬಡಾವಣೆಯಲ್ಲಿ ಹೊಸದಾಗಿ ನಿವೇಶನ ಕೊಂಡವರು ಪೇಡೆ ಹಿಡಿದು ಬಂದರೆ, ಪೇಡೆ ತಿಂದು, ಜಾಗ ಚೆನ್ನಾಗಿದೆಯೆಂದು ಮನಸಾರೆ ಹೊಗಳಿ, “ಇನ್ನೊಂದ್ ಮಾತೈತೆ, ಮಳೆಗಾಲದಾಗೆ ಆ ಮೂಲೇಗೆ ನೀರು ನಿಂದರತೈತೆ, ಪಾಯ ಎತ್ತರಿಸಿ ಹಾಕ್ರಿ” ಎನ್ನುವರು. ಒಮ್ಮೆ ನೆರೆಮನೆಯ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, ವರನ ಗುಣವನ್ನು ನಾಲ್ಕು ವಾಕ್ಯಗಳಲ್ಲಿ ಕೊಂಡಾಡಿ, ಐದನೆಯ ವಾಕ್ಯದಲ್ಲಿ, “ಹುಡುಗ ತಾಯಿ ಹಾಕಿದ ಗೆರೆ ದಾಟಲ್ಲ, ಅದನ್ನೂ ತಿಳಕೊಂಡಿರವ್ವ” ಎಂದುಬಿಟ್ಟರು. ಹುಡುಗನ ತಾಯಿ ಎದುರಿಗೇ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ಮದುವೆ ನಿಲ್ಲಲಿಲ್ಲ. ಹುಡುಗಿ ತಿಳಿದೇ ಹೋದಳು, ತಿಳಿದೇ ಬಾಳಿದಳು. ಆದರೆ ಅಂದಿನಿಂದ ಬಡಾವಣೆಯ ನಾವೆಲ್ಲ ಶುಭಕಾರ್ಯಕ್ಕೆ ಅವರನ್ನು ಕರೆಯುವಾಗ ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದುದು ನಿಜ.

ದಾವಣಗೆರೆಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅವರು ಭೌತಶಾಸ್ತ್ರದ ಅಧ್ಯಾಪಕಿ. ಐವತ್ತರ ಅಂಚು, ಬಿಗಿದು ಕಟ್ಟಿದ ತುರುಬು, ಹಣೆಯ ಮೇಲೆ ವಿಭೂತಿಯ ತೆಳುಗೆರೆ, ಒಂಟಿ ಬದುಕು. ಪ್ರಯೋಗಾಲಯದ ಖಾಕಿ ಕೋಟನ್ನು ಪ್ರಯೋಗಾಲಯದ ಗೂಟಕ್ಕೇ ತೂಗುಹಾಕಿ ಬರಬೇಕೆಂಬ ಲೋಕರೂಢಿಯನ್ನು ಅವರು ಎಂದೂ ಮಾನ್ಯ ಮಾಡಲಿಲ್ಲ. ಸೀರೆಯ ಮೇಲೆ ಆ ಕೋಟು ತೊಟ್ಟೇ ಸಂತೆಗೆ, ಅಂಚೆಕಚೇರಿಗೆ, ಆರತಕ್ಷತೆಗೆ ಕೂಡ ಹೋಗುತ್ತಿದ್ದರು. ಕೇಳಿದರೆ, “ಸೀರೆಗೆ ಜೇಬು ಎಲ್ಲೈತ್ರಿ?” ಎನ್ನುವರು. ಕೋಟಿನ ಜೇಬಿನಲ್ಲಿ ದಿಕ್ಸೂಚಿ, ಸ್ಕ್ರೂಡ್ರೈವರು, ಒಂದು ಹಿಡಿ ಹುರಿದ ಶೇಂಗಾ, ಸುರುಳಿ ಸುತ್ತಿದ ತಂತಿ, ಎಲ್ಲವೂ ಒಂದೇ ಸಂಸಾರದಂತೆ ಇರುತ್ತಿದ್ದವು. ನಡಿಗೆಯಲ್ಲಿ ಬಲಭುಜ ಯಾವಾಗಲೂ ಒಂದು ಗೇಣು ಮುಂದೆ, ಎದುರುಗಾಳಿಯನ್ನು ಸೀಳಿಕೊಂಡು ಹೋಗುವವರ ಹಾಗೆ. ಹರಿಹರದ ಬಸ್ಸಿನಲ್ಲಿ ಆ ಕೋಟು ನೋಡಿದ ಹೆಂಗಸೊಬ್ಬಳು ಅವರನ್ನು ದನದ ಡಾಕ್ಟರೆಂದೇ ನಂಬಿ, ತನ್ನ ಎಮ್ಮೆ ಹಾಲು ಕಡಿಮೆ ಮಾಡಿದ ಸಮಾಚಾರವನ್ನು ತುಂಗಭದ್ರೆಯ ಸೇತುವೆ ದಾಟುವ ತನಕ ವಿವರಿಸಿದ್ದಳಂತೆ. ಇವರು ಪೂರ್ತಿ ಕೇಳಿ, ಎರಡು ಪ್ರಶ್ನೆ ಹಾಕಿ, ಕೊನೆಗೆ, “ಎಲ್ಲಾ ತಿಳೀತವ್ವ. ಇನ್ನೊಂದ್ ಮಾತೈತೆ, ನಾನು ದನದ ಡಾಕ್ಟರಲ್ಲ” ಎಂದರು. ಹೆಂಗಸು ಸಿಟ್ಟಾಗುವ ಬದಲು ನಕ್ಕು, ಸೆರಗಿನಲ್ಲಿದ್ದ ಪೇರಲಹಣ್ಣು ಕೊಟ್ಟು ಇಳಿದುಹೋದಳು.

ಈ ಸ್ವಭಾವದ ಬೇರು ಮಂಡಿಪೇಟೆಯಲ್ಲಿತ್ತು. ಅವರ ತಂದೆ ಶಿವಯೋಗಪ್ಪನವರು ಅಲ್ಲಿ ಕಾಳುಕಡಿಯ ಸಗಟು ವ್ಯಾಪಾರಿ. ಚೀಲಕ್ಕೆ ಚುಚ್ಚಿ ಕಾಳು ಸೆಳೆದು ತೋರಿಸುವ ಕಬ್ಬಿಣದ ಕೊಳವೆಯನ್ನು ಉಳಿದ ವರ್ತಕರು ಚೀಲದ ಎದೆಮಟ್ಟಕ್ಕೆ ಚುಚ್ಚಿದರೆ, ಶಿವಯೋಗಪ್ಪನವರು ಕುಕ್ಕರಗಾಲಲ್ಲಿ ಕೂತು ಚೀಲದ ಬುಡಕ್ಕೆ ಚುಚ್ಚುತ್ತಿದ್ದರು. “ಮ್ಯಾಲಿನ ಕಾಳು ಎಲ್ಲಾರೂ ತೋರಸ್ತಾರೆ. ತಳದ ಕಾಳು ಕಂಡ ಗಿರಾಕಿ ಮತ್ತೊಂದು ಅಂಗಡಿ ಹತ್ತಲ್ಲ” ಎಂಬುದು ಅವರ ನಂಬಿಕೆ. ಮಗಳು ಅಂಗಡಿಯನ್ನು ಮುಂದುವರಿಸಲಿಲ್ಲ, ಕುಕ್ಕರಗಾಲನ್ನು ಮುಂದುವರಿಸಿದರು. ಪಾಠ ಹೇಳುವಾಗಲೂ ಹಾಗೆಯೇ. ಒಂದು ನಿಯಮವನ್ನು ಹಲಗೆಯ ಮೇಲೆ ಬರೆದರೆ, ಅದು ಎಲ್ಲಿ ಮುರಿದುಬೀಳುತ್ತದೆಂಬುದನ್ನು ಪಕ್ಕದಲ್ಲೇ ಬರೆಯದೆ ಸೀಮೆಸುಣ್ಣ ಕೆಳಗಿಡುತ್ತಿರಲಿಲ್ಲ.

ದಾವಣಗೆರೆ ಜಿಲ್ಲೆಯಾದ ಹೊಸತು. ಊರಿಗೆ ಹೊಸ ಹೊಸ ಆಸೆಗಳು ಬರುತ್ತಿದ್ದ ಕಾಲ. ತೊಂಬತ್ತೊಂಬತ್ತರ ಮೊದಲಲ್ಲಿ ಬೆಂಗಳೂರಿನ ಕಂಪನಿಯೊಂದು ಉಪಗ್ರಹದ ಮೂಲಕ ಹಳ್ಳಿಯ ಮನೆಮನೆಗೂ ಇಂಟರ್‌ನೆಟ್ ಕೊಡುತ್ತೇವೆಂದು ಹೊರಟು, ಈ ಭಾಗದ ಹೊಣೆಯನ್ನು ಮಂಡಿಪೇಟೆಯ ಬಕ್ಕೇಶ್ ಎಂಬುವರಿಗೆ ಒಪ್ಪಿಸಿತು. ಬಕ್ಕೇಶ್ ಪಂಪ್‌ಸೆಟ್ಟು ಮಾರಿ ಗೆದ್ದ ಮನುಷ್ಯ. ಮಾತು ಬೆಣ್ಣೆ, ಕೆಲಸ ಗಡಿಯಾರದ ಮುಳ್ಳಿನಷ್ಟು ಕರಾರುವಾಕ್ಕು. ಆದರೆ ಉಪಗ್ರಹವೆಂದರೇನೆಂದು ರೈತರಿಗೆ ಕನ್ನಡದಲ್ಲಿ ಹೇಳುವವರು ಅವರಿಗೆ ಬೇಕಾಗಿತ್ತು. ಉಮಾಮಹೇಶ್ವರಿಯವರನ್ನು ಕೇಳಿದಾಗ ಅವರು ಮಗುವಿನಂತೆ ಹಿಗ್ಗಿದರು. ಹಳ್ಳಿಗಳ ಟೆಲಿಫೋನ್ ತಂತಿ ಎಷ್ಟು ದುರ್ಬಲವೆಂದರೆ, ಒಂದು ಚಿತ್ರ ಬರುವಷ್ಟರಲ್ಲಿ ಲೈನು ಸಾಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಪ್ರಶ್ನೆ ಮಾತ್ರ ತಂತಿಯ ಮೇಲೆ ಹೋಗುತ್ತದೆ, ಉತ್ತರ ಮುಗಿಲಿನಿಂದ ಮನೆಯ ಮೇಲಿನ ಡಿಶ್ ತಟ್ಟೆಗೆ ಇಳಿಯುತ್ತದೆ. “ಮೋಡದ ಫೋಟೋ ರೈತನ ಪಡಸಾಲೇಗೆ ಬರತೈತೆ ಅಂದ್ರೆ ಅದಕ್ಕಿಂತ ದೊಡ್ಡದು ಏನೈತ್ರಿ!” ಎಂದು ಬಕ್ಕೇಶ್‌ರ ಅಂಗಡಿಯಲ್ಲಿ ನಿಂತೇ ಅವರು ಕೈಯೆತ್ತಿ ಹೇಳಿದರು. ಬಕ್ಕೇಶ್ ಸಂತುಷ್ಟರಾದರು. ಬೆರಳು ಗದ್ದಕ್ಕೆ ಹೋಗುವುದನ್ನು ಅವರು ಅಂದು ಗಮನಿಸಲಿಲ್ಲ.

ಮೊದಲ ಪ್ರಯೋಗಕ್ಕೆ ಆರಿಸಿದ್ದು ಹರಿಹರ ತಾಲ್ಲೂಕಿನ ನಂದಿಗುಡಿಯನ್ನು. ಭದ್ರಾ ನಾಲೆಯ ನೀರು, ಬತ್ತದ ಬಯಲು, ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಊರಿಗೆ ಊರೇ ಊಟ ಬಿಡುವ ಸೀಮೆ. ಒಂದು ಬೆಳಿಗ್ಗೆ ಬಕ್ಕೇಶ್‌ರ ವ್ಯಾನಿನಲ್ಲಿ ಕಂಪ್ಯೂಟರು ಬಂತು. ಅದರ ಹಿಂದೆ, ಜಾಲರಿ ತಟ್ಟೆಯನ್ನು ಮದುಮಗಳಂತೆ ಅಪ್ಪಿಕೊಂಡು ಮಸ್ತಾನಸಾಬ್ ಬಂದರು. ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆತನ ತಲೆಮಾರುಗಳಿಂದ ಸೇರು-ಪಾವುಗಳನ್ನು ಬಡಿದು ಮಾಡಿದವರದು. ಈಗ ಡಿಶ್ಶು ಕಟ್ಟುತ್ತಿದ್ದರು. ಮಠದ ಮುಂದಿನ ಕಟ್ಟೆಯ ಮೇಲೆ ಎಲ್ಲ ಜೋಡಿಸಿ, ಉಮಾಮಹೇಶ್ವರಿಯವರು ಜೇಬಿನ ದಿಕ್ಸೂಚಿ ಹಿಡಿದು ದಿಕ್ಕು ಹೇಳಿ, ಮಸ್ತಾನಸಾಬರು ತಟ್ಟೆಯನ್ನು ಕೂದಲೆಳೆಯಷ್ಟು ವಾಲಿಸಿದಾಗ, ಪರದೆಯ ಮೇಲೆ ಇಡೀ ಹಿಂದೂಸ್ಥಾನ, ಅದರ ಎರಡು ಕಡೆ ಕಡಲು, ಕಡಲಿನ ಮೇಲೆ ಅರಳೆ ಎಸೆದಂತೆ ಮೋಡ ಮೂಡಿದವು. ಜನ ಕಟ್ಟೆಯ ಹತ್ತಿರಕ್ಕೆ ಒತ್ತಿಕೊಂಡು ಬಂದರು.

ಆಗ ಕಟ್ಟೆಯ ಅಂಚಿನಲ್ಲಿ ಕೂತಿದ್ದ ಉಜ್ಜನಪ್ಪ ಎದ್ದರು. ಊರಿನಲ್ಲಿ ಹೆಚ್ಚು ಜಮೀನಿನ, ಕಡಿಮೆ ಮಾತಿನ ಹಿರಿಯ.

“ಮೇಡಮ್ಮಾರೇ, ಇದು ಬೀಳತೈತೋ ಇಲ್ಲೋ? ಅಷ್ಟು ಹೇಳ್ರಿ.”

ಜನ ಮುಸಿಮುಸಿ ನಕ್ಕರು. ಅದಕ್ಕೊಂದು ಹಿನ್ನೆಲೆಯಿತ್ತು. ಇಪ್ಪತ್ತು ವರ್ಷದ ಹಿಂದೆ ಸ್ಕೈಲ್ಯಾಬ್ ಎಂಬ ಅಮೆರಿಕದ ಆಕಾಶನೌಕೆ ಭೂಮಿಗೆ ಬೀಳಲಿದೆಯೆಂಬ ಸುದ್ದಿ ಹಬ್ಬಿದಾಗ, ಇನ್ನು ಬಿತ್ತಿ ಫಲವೇನೆಂದು ನಂದಿಗುಡಿಯ ಎಷ್ಟೋ ಮನೆಗಳಲ್ಲಿ ಇದ್ದ ತುಪ್ಪವನ್ನೆಲ್ಲ ಹೋಳಿಗೆಗೆ ಸುರಿದು ತಿಂದರು. ಜೀಪಿನಲ್ಲಿ ಬಂದ ಸಾಹೇಬನೊಬ್ಬ ಬೀಳುವುದೇ ಇಲ್ಲವೆಂದ. ರೇಡಿಯೋ ಬಿದ್ದೇ ಬೀಳುತ್ತದೆಂದಿತು. ಎರಡರ ನಡುವೆ ಯಾರನ್ನು ನಂಬಬೇಕೆಂದು ತಿಳಿಯದೆ ಉಜ್ಜನಪ್ಪ ಸಸಿಮಡಿಗೆ ಬೀಜ ಚೆಲ್ಲಲಿಲ್ಲ. ಅದು ಎಲ್ಲೋ ಕಡಲಿಗೂ ಆಸ್ಟ್ರೇಲಿಯಾದ ಬಯಲಿಗೂ ಚೂರುಚೂರಾಗಿ ಬಿತ್ತು. ಇವರ ನಾಟಿ ತಡವಾಯಿತು, ಬೆಳೆ ಜೊಳ್ಳಾಯಿತು, ಹೆಸರು ‘ಸ್ಕೈಲ್ಯಾಬ್ ಉಜ್ಜನಪ್ಪ’ ಎಂದು ಉಳಿಯಿತು. ನಗುತ್ತಿದ್ದವರಿಗೆ ಅದು ತಮಾಷೆ. ಪ್ರಶ್ನೆ ಕೇಳಿದ ಉಜ್ಜನಪ್ಪನಿಗೆ ಅದು ಇಪ್ಪತ್ತು ವರ್ಷದ ಗಾಯ.

ಬಕ್ಕೇಶ್ ನಡುವೆ ಬಾಯಿ ಹಾಕಿ, “ಏನೂ ಆಗಲ್ಲ ಬಿಡ್ರಿ ಯಜಮಾನ್ರೇ, ಬೀಳೋ ಮಾತೇ ಇಲ್ಲ!” ಎಂದರು. ಉಮಾಮಹೇಶ್ವರಿಯವರು ನಗಲಿಲ್ಲ. ಮುದುಕ ಕೇಳಿದ್ದು ಸರಿಯಾದ ಪ್ರಶ್ನೆಯೆಂಬುದು ಅವರಿಗೆ ಗೊತ್ತಿತ್ತು. ಕಟ್ಟೆಯಿಂದ ಇಳಿದು ಉಜ್ಜನಪ್ಪನ ಎದುರಿಗೆ ನಿಂತು ಹೇಳಿದರು:

“ತಗ್ಗಿನಾಗೆ ಸುತ್ತೋವು ಬೀಳ್ತಾವು. ಬಾಳ ಮಟ್ಟಿಗೆ ಹಾದಿಯಾಗೇ ಸುಟ್ಟು ಹೋಗ್ತಾವು. ನಮ್ಮದು ಬಾಳ ಎತ್ತರದಾಗೈತೆ, ಅದು ಬೀಳಲ್ಲ. ಇನ್ನೊಂದ್ ಮಾತೈತೆ. ಬೀಳಲ್ಲ ಅನ್ನೋದೇ ಅದರ ತೊಂದರೆ.”

ಆಮೇಲೆ ಅವರು ಹೇಳಿದ್ದನ್ನು ನಂದಿಗುಡಿ ಬಹುಕಾಲ ಮರೆಯಲಿಲ್ಲ. ಮುಗಿಲಿನಲ್ಲಿ ಸತ್ತ ಉಪಗ್ರಹಗಳಿವೆ, ಒಡೆದ ರಾಕೆಟ್ಟಿನ ಚೂರುಗಳಿವೆ, ಬಿಚ್ಚಿಕೊಂಡ ಮೊಳೆ-ತಿರುಪುಗಳಿವೆ. ತಗ್ಗಿನ ಹಾದಿಯಲ್ಲಿ ಒಂದು ತಿರುಪುಮೊಳೆ ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಹೊಡೆಯುತ್ತದೆ. ಎತ್ತರದ ಹಾದಿಯಲ್ಲಿ ವೇಗ ಅಷ್ಟಿಲ್ಲ, ಆದರೆ ಅಲ್ಲಿಯ ಕಸವನ್ನು ಕೆಳಗೆಳೆಯಲು ಗಾಳಿಯೂ ಇಲ್ಲ. ಒಳ್ಳೆಯ ಯಜಮಾನರು ತಮ್ಮ ಉಪಗ್ರಹಕ್ಕೆ ವಯಸ್ಸಾದಾಗ, ಉಳಿದಿರುವ ಎಣ್ಣೆಯಲ್ಲೇ ಅದನ್ನು ಹಾದಿಯಿಂದ ಆಚೆಗೆ ತಳ್ಳಿ ನಿಲ್ಲಿಸುತ್ತಾರೆ. ಇದ್ದಕ್ಕಿದ್ದಂತೆ ಸತ್ತದ್ದನ್ನು ತಳ್ಳುವವರು ಯಾರೂ ಇಲ್ಲ.

“ಸಂತೆ ಮುಗಿದ ಮ್ಯಾಲೆ ಮಂಡಿಪೇಟೆ ನೋಡೀರಲ್ಲ? ಹುರಿ, ಗೋಣಿಚೂರು, ಬಾಳೆಸಿಪ್ಪೆ. ಬೆಳಿಗ್ಗೆ ಮುನ್ಸಿಪಾಲ್ಟಿಯವರು ಗುಡಸ್ತಾರೆ. ಮ್ಯಾಲೆ ಮುನ್ಸಿಪಾಲ್ಟಿ ಇಲ್ರಿ. ಎಲ್ಲಾ ದೇಶದವರೂ ಅಂಗಡಿ ಹಾಕ್ಯಾರೆ, ಕಸಬರಿಗೆ ಯಾರೂ ತಂದಿಲ್ಲ. ನಾಳೆ ನಮ್ಮ ತಟ್ಟೆ ಮಾತು ನಿಲ್ಲಿಸಿದ್ರೂ ನಿಲ್ಲಿಸಬಹುದು. ಅದಕ್ಕೇ ಹೇಳ್ತೀನಿ, ಇದನ್ನ ತಗೊಳ್ರಿ, ಇದನ್ನೊಂದನ್ನೇ ನಂಬಬ್ಯಾಡ್ರಿ.”

ಉಜ್ಜನಪ್ಪ ಮುಗಿಲ ಕಡೆ ಕೈ ತೋರಿದರು. “ಬೀಳಂಗಿಲ್ಲ, ಸುಡಂಗಿಲ್ಲ, ಹೂಳಂಗಿಲ್ಲ. ಮಣ್ಣು ಸಿಗದ ಹೆಣ ಅನ್ರಿ ಹಂಗಾದ್ರೆ.”

“ಅದೇ ನೋಡ್ರಿ” ಎಂದರು ಉಮಾಮಹೇಶ್ವರಿ. ತಾವು ಹದಿನೈದು ವರ್ಷ ತರಗತಿಯಲ್ಲಿ ಹುಡುಕಿದ ಮಾತು ಇದೇ ಎಂದು ಅವರಿಗೆ ಅನ್ನಿಸಿತು.

ವ್ಯಾನಿನ ಮರೆಗೆ ಕರೆದೊಯ್ದು ಬಕ್ಕೇಶ್ ಕೆಂಡವಾದರು. “ಮೇಡಂ, ನೀವು ನಮ್ಮ ಕಡೆಯೋರೋ, ಕಸದ ಕಡೆಯೋರೋ?”

“ನಾನು ಕೇಳಿದೋರ ಕಡೆ.”

“ಒಬ್ಬ ಗಿರಾಕೀನೂ ಉಳೀಲಿಲ್ಲ ಈಗ!”

ಅಷ್ಟರಲ್ಲಿ ಉಜ್ಜನಪ್ಪ ಅಲ್ಲಿಗೇ ಬಂದು, ಬಕ್ಕೇಶ್‌ರ ಕಡೆ ನೋಡದೆ ಹೇಳಿದರು: “ಮೊದಲನೇ ತಟ್ಟೆ ನಮ್ಮ ಮಾಳಿಗೆ ಮ್ಯಾಲೆ ಕಟ್ರಿ. ಹಿಂದೆ ಜೀಪಿನ ಸಾಹೇಬ ಬೀಳಲ್ಲ ಅಂದ, ರೇಡಿಯೋ ಬೀಳತೈತೆ ಅಂತು. ಎಲ್ಲೀತನಕ ಬೀಳತೈತೆ, ಎಲ್ಲಿಂದ ಬೀಳಲ್ಲ ಅಂತ ಹೇಳಿದೋರು ನೀವೇ ಮೊದಲು.” ಉಜ್ಜನಪ್ಪ ಕಟ್ಟಿಸಿದ ಮೇಲೆ ಉಳಿದವರೂ ಕಟ್ಟಿಸಿದರು. ಬಕ್ಕೇಶ್‌ರ ಸಿಟ್ಟು ಆ ದಿನಕ್ಕೆ ಇಳಿಯಿತು. ಆಶ್ಚರ್ಯ ಮಾತ್ರ ಇಳಿಯಲಿಲ್ಲ.

ಉಜ್ಜನಪ್ಪನ ಮನೆಯಲ್ಲಿ ಕಂಪ್ಯೂಟರಿನ ಯಜಮಾನಿಕೆ ಸೊಸೆ ವಾಣಿಯ ಪಾಲಿಗೆ ಬಂತು. ಹರಿಹರದಲ್ಲಿ ಪಿಯುಸಿ ಓದಿದ್ದ, ಚುರುಕು ಕಣ್ಣಿನ ಹೆಣ್ಣುಮಗಳು. ಉಮಾಮಹೇಶ್ವರಿಯವರು ರಜೆಯ ದಿನಗಳಲ್ಲಿ ಕೋಟು ಹಾಕಿಕೊಂಡು ಬಸ್ಸು ಹತ್ತಿ ಬಂದು, ಮೋಡದ ಚಿತ್ರ ಓದುವುದನ್ನು ಆಕೆಗೆ ಕಲಿಸಿದರು. ಯಾವುದು ಬರೀ ಬಿಳುಪು, ಯಾವುದು ಮಳೆ ಹೊತ್ತ ಬಿಳುಪು, ನಿನ್ನೆಯ ಚಿತ್ರದ ಪಕ್ಕ ಇಂದಿನ ಚಿತ್ರವನ್ನಿಟ್ಟು ಮೋಡದ ನಡಿಗೆಯನ್ನು ಅಳೆಯುವುದು ಹೇಗೆ. ಬೇಸಿಗೆ ಬತ್ತದ ಕೊಯ್ಲಿನಲ್ಲಿ ವಾಣಿಯ ಮಾತು ಕೇಳಿ ಎರಡು ಬಾರಿ ರಾಶಿಯನ್ನು ಹೊದಿಸಿದರು, ಎರಡು ಬಾರಿಯೂ ಆಲಿಕಲ್ಲು ಬಿತ್ತು. ಒಂದು ಬಾರಿ ಹೊದಿಸಿದಾಗ ಏನೂ ಬೀಳಲಿಲ್ಲ. ಊರು ನಕ್ಕಿತು, ಆದರೆ ಮರುದಿನ ಬೆಳಿಗ್ಗೆ ಮತ್ತೆ ಬಂದು, “ಏನಂತೈತೆ ನಿಮ್ಮ ತಟ್ಟೆ?” ಎಂದು ಕೇಳಿತು. ಸಂಜೆ ಹೊಲದಿಂದ ಬಂದವರು ಪಡಸಾಲೆಯಲ್ಲಿ ಪರದೆಯ ಸುತ್ತ ಕೂತು ಬಂಗಾಳದ ಕಡಲನ್ನು ಪಕ್ಕದ ಕೆರೆಯಂತೆ ಮಾತಾಡಿಕೊಳ್ಳುವುದನ್ನು ಕಂಡಾಗ ಉಮಾಮಹೇಶ್ವರಿಯವರ ಕಣ್ಣಿನಲ್ಲಿ ಬರುತ್ತಿದ್ದ ಹೊಳಪನ್ನು ಅವರ ವಿದ್ಯಾರ್ಥಿನಿಯರು ಕೂಡ ಕಂಡಿರಲಾರರು.

ಮಳೆಗಾಲದ ಬತ್ತ ಹೊನ್ನಿನ ಬಣ್ಣಕ್ಕೆ ತಿರುಗಿ, ಕುಡುಗೋಲುಗಳು ಸಾಣೆ ಹಿಡಿಸಿಕೊಳ್ಳುತ್ತಿದ್ದ ನವೆಂಬರಿನಲ್ಲಿ, ಒಂದು ಬೆಳಿಗ್ಗೆ ನಂದಿಗುಡಿಯ ಅಷ್ಟೂ ತಟ್ಟೆಗಳು ಒಟ್ಟಿಗೆ ಮಾತು ನಿಲ್ಲಿಸಿದವು. ವಾಣಿ ಫೋನು ಮಾಡಿದಳು. ಉಮಾಮಹೇಶ್ವರಿಯವರು ನೇರವಾಗಿ ಮಂಡಿಪೇಟೆಗೆ ಹೋದರು. ಬಕ್ಕೇಶ್‌ರ ಮುಖ ಬಿಳಿಚಿತ್ತು. ಬೆಂಗಳೂರಿನಿಂದ ಅವರಿಗೆ ಅಪ್ಪಣೆಯಾಗಿತ್ತು: ಗಾಳಿಗೆ ತಟ್ಟೆಗಳು ವಾಲಿವೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದು ಹೇಳಿ.

“ಗಾಳಿ ಎಲ್ಲಾ ತಟ್ಟೇನೂ ಒಂದೇ ಗಳಿಗೇಲಿ ವಾಲಿಸ್ತೇನ್ರಿ?” ಎಂದರು ಅಲ್ಲೇ ಇದ್ದ ಮಸ್ತಾನಸಾಬ್, ತಮ್ಮ ಕೈಕೆಲಸದ ಮೇಲೆ ಬಂದ ಸುಳ್ಳು ಆಪಾದನೆಗೆ ನೊಂದು. “ನಾನು ಕಟ್ಟಿದ್ದು ಆಂಜನೇಯ ಬಂದ್ರೂ ಅಲುಗಲ್ಲ.”

ಉಮಾಮಹೇಶ್ವರಿಯವರು ಅಂಗಡಿಯ ಫೋನಿನಿಂದಲೇ ಬೆಂಗಳೂರಿಗೆ ಹಚ್ಚಿದರು. ಒಬ್ಬರಿಂದ ಇನ್ನೊಬ್ಬರಿಗೆ, ಆ ಇನ್ನೊಬ್ಬರಿಂದ ಮತ್ತೊಬ್ಬರಿಗೆ ದಾಟಿಸಿದರೂ ಬಿಡಲಿಲ್ಲ. ಕಡೆಗೆ ಸಿಕ್ಕ ಎಂಜಿನಿಯರೊಬ್ಬ, ಕೇಳಿದ ರೀತಿಯಿಂದಲೇ ಇವರಿಗೆ ಸುಳ್ಳು ಹೇಳಿ ಫಲವಿಲ್ಲವೆಂದು ಅರಿತು, ಇದ್ದುದನ್ನು ಹೇಳಿದ. ಹೊರದೇಶದ ಕಂಪನಿಯಿಂದ ಬಾಡಿಗೆಗೆ ಪಡೆದ ಆ ಉಪಗ್ರಹ ನೆಲದ ಕರೆಗೆ ಓಗೊಡುತ್ತಿಲ್ಲ. ಏನಾದರೂ ಬಡಿದಿರಬಹುದು, ಒಳಗಿನ ವಿದ್ಯುತ್ತೇ ಕೆಟ್ಟಿರಬಹುದು. ಯಾರಿಗೂ ಗೊತ್ತಿಲ್ಲ, ಬಹುಶಃ ಎಂದೂ ಗೊತ್ತಾಗುವುದಿಲ್ಲ. ಅದು ಮರಳಿ ಬರುವ ಭರವಸೆ ಇಲ್ಲ.

ರಿಸೀವರ್ ಇಟ್ಟು ಅವರು ಅಂಗಡಿಯ ಬೆಂಚಿನ ಮೇಲೆ ಕೂತರು. ಅವರಿಗೆ ದುಃಖವಾಗಿತ್ತು. ತಾವೇ ಹೇಳಿದ ಕಷ್ಟದ ಮಾತು ನಿಜವಾದದ್ದಕ್ಕೆ ಸಂತೋಷಪಡುವ ಜಾತಿ ಅವರದಲ್ಲ.

“ನಾನು ಊರಿಗೆ ಹೋಗಿ ಸತ್ತೈತೆ ಅಂತ ಹೇಳ್ತೀನಿ” ಎಂದರು.

“ಬ್ಯಾಡ ಮೇಡಂ, ಕೈ ಮುಗೀತೀನಿ. ಎರಡು ದಿನ ತಡೀರಿ. ನನ್ನ ಹೆಸರು ಮಣ್ಣಾಗತೈತೆ.”

“ಬಕ್ಕೇಶ್, ಬತ್ತ ನಿಂತೈತೆ. ತಟ್ಟೆ ಇವತ್ತು ಬರತೈತೆ, ನಾಳೆ ಬರತೈತೆ ಅಂತ ಅವರು ಕಾಯ್ತಾ ಕೂತ್ರೆ ಮಣ್ಣಾಗೋದು ಬರೀ ಹೆಸರಲ್ಲ.”

ಬಕ್ಕೇಶ್, ಯಾರೂ ನಿರೀಕ್ಷಿಸದಂತೆ, ವ್ಯಾನಿನ ಕೀಲಿಕೈ ತೆಗೆದುಕೊಂಡು ಎದ್ದರು. “ನಡೀರಿ. ನೀವೊಬ್ರೇ ಹೇಳಿದ್ರೆ ನಾನು ಕಳ್ಳ ಆಗ್ತೀನಿ. ನಾನೂ ಬರ್ತೀನಿ.”

ಉಜ್ಜನಪ್ಪನ ಅಂಗಳದಲ್ಲಿ ಊರು ಸೇರಿತ್ತು. ಉಪಗ್ರಹ ಸತ್ತಿದೆಯೆಂದು ಉಮಾಮಹೇಶ್ವರಿಯವರು ಮರೆಮಾಚದೆ ಹೇಳಿದರು. ಕಸ ಬಡಿಯಿತೇ ಎಂದು ಯಾರೋ ಕೇಳಿದಾಗ, ತಿಳಿಯದೆಂದರು; ಇನ್ನು ಮೇಲೆ ಅದೇ ಒಂದು ಕಸವೆಂಬುದು ಮಾತ್ರ ಖಚಿತವೆಂದರು. ಬಕ್ಕೇಶ್ ಅವರ ಪಕ್ಕದಲ್ಲಿ ನಿಂತು, ತಟ್ಟೆಗಳನ್ನು ಇಳಿಸಿ ವಾಪಸು ಕೊಂಡೊಯ್ಯುವುದು ತಮ್ಮ ಹೊಣೆಯೆಂದರು. ಕೆಲವರು ಗೊಣಗಿದರು. ಆದರೆ ಅವರ ಚಿಂತೆ ಬೇರೆಯೇ ಇತ್ತು. ಮೂಡಣದಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಕೊಯ್ಯಬೇಕೋ, ತಡೆಯಬೇಕೋ? ಕೊಯ್ದು ಹಾಸಿದ ಮೇಲೆ ಮಳೆ ಬಂದರೆ ತೆನೆ ನೆಲದಲ್ಲೇ ಮೊಳೆಯುತ್ತದೆ. ತಡೆದು ಬಿಸಿಲು ಕಾದರೆ ಕಾಳು ಉದುರುತ್ತದೆ. ಇಷ್ಟು ದಿನ ಇದಕ್ಕೆ ಉತ್ತರ ಹೇಳುತ್ತಿದ್ದ ಪರದೆ ಕಪ್ಪಾಗಿ ಕೂತಿತ್ತು.

“ನಮ್ಮ ಕಾಲೇಜಿನಾಗೆ ತಂತಿ ಮ್ಯಾಲಿನ ಇಂಟರ್‌ನೆಟ್ಟೈತೆ” ಎಂದರು ಉಮಾಮಹೇಶ್ವರಿ. “ಆಮೆ ನಡಿಗೇಲಿ ಬರತೈತೆ, ಆದ್ರೆ ಚಿತ್ರ ಬರತೈತೆ. ಮೋಡದ ಫೋಟೋ ತೆಗೆಯೋ ಉಪಗ್ರಹ ಬೇರೆ, ಅದು ಸತ್ತಿಲ್ಲ. ನಾನು ನೋಡಿ ಫೋನಿನಾಗೆ ಹೇಳ್ತೀನಿ.”

“ಮೋಡ ಅಲ್ಲೈತೆ ಇಲ್ಲೈತೆ ಅಂದ್ರೆ ನಮಗೆ ಹೆಂಗೆ ತಿಳೀತೈತೆ ಮೇಡಂ?” ಎಂದಳು ವಾಣಿ. ಅಷ್ಟು ಹೇಳಿ ತಾನೇ ಅಂಗಳದ ಕಡೆ ನೋಡಿದಳು. ಬೆಳಗಿನ ಚುಕ್ಕಿರಂಗೋಲಿ ಇನ್ನೂ ಅಳಿಸಿರಲಿಲ್ಲ. “ಚುಕ್ಕಿ ಇಟ್ಕೊಂಡಿರ್ತೀನಿ. ಯಾವ ಸಾಲು, ಯಾವ ಚುಕ್ಕಿ ಅಂತ ಹೇಳ್ರಿ, ತುಂಬ್ತೀನಿ.”

ಉಮಾಮಹೇಶ್ವರಿಯವರು ಜೇಬಿನ ಶೇಂಗಾವನ್ನೆಲ್ಲ ತೆಗೆದು ಆಕೆಯ ಅಂಗೈಗೆ ಸುರಿದರು. ಅವರ ಬಳಿ ಬಹುಮಾನವೆಂದು ಕೊಡಲು ಆ ಗಳಿಗೆಯಲ್ಲಿ ಅದೊಂದೇ ಇತ್ತು.

ಮರುದಿನ ಬೆಳಿಗ್ಗೆ ಕಾಲೇಜಿನ ಕಂಪ್ಯೂಟರಿನಲ್ಲಿ ಚಿತ್ರವು ಗೆರೆಗೆರೆಯಾಗಿ, ಚಹಾ ಆರಿ ಕೆನೆಗಟ್ಟುವ ತನಕ ಸತಾಯಿಸಿ ಇಳಿಯಿತು. ಉಮಾಮಹೇಶ್ವರಿಯವರು ಅದನ್ನು ಚುಕ್ಕಿಯ ಸಾಲಿಗೆ ತಕ್ಕಂತೆ ಚೌಕಗಳಾಗಿ ವಿಂಗಡಿಸಿಕೊಂಡು ಫೋನು ಹಿಡಿದರು. ನಂದಿಗುಡಿಯ ಮನೆಯಲ್ಲಿ ಫೋನಿನ ತಂತಿ ಅಂಗಳದವರೆಗೆ ಎಟುಕುತ್ತಿರಲಿಲ್ಲ. ಹಾಗಾಗಿ ಹೊಸ್ತಿಲಲ್ಲಿ ನಿಂತು ಕೇಳಿದ್ದನ್ನು ಕೂಗಿ ಹೇಳುವ ಕೆಲಸ ಉಜ್ಜನಪ್ಪನದಾಯಿತು. ಸಾರಿಸಿದ ಅಂಗಳದ ತುಂಬ ಚುಕ್ಕಿಯ ಸಾಲುಗಳು, ಅವುಗಳ ಮೇಲೆ ಕರಾವಳಿಯ ಒಂದು ಗೆರೆ, ನಡುವೆ ರಂಗೋಲಿಯ ಬಟ್ಟಲು ಹಿಡಿದು ಕೂತ ವಾಣಿ, ಸುತ್ತ ಊರು. ಕಡಿಮೆ ಮಾತಿನ ಉಜ್ಜನಪ್ಪ ಗಂಟಲು ಬಿಚ್ಚಿ, “ನಾಕನೇ ಸಾಲು, ಎಂಟನೇ ಚುಕ್ಕಿ, ತುಂಬಂತೆ! ಒಂಬತ್ತೂ ತುಂಬಂತೆ! ಹತ್ತು ಬ್ಯಾಡಂತೆ, ಅದು ಖಾಲಿ!” ಎಂದು ಕೂಗುತ್ತಿದ್ದರೆ, ಸೆಗಣಿಯ ಹಸಿರು ನೆಲದ ಮೇಲೆ ಬಂಗಾಳದ ಕಡಲು ಬಿಳಿಯಾಗುತ್ತ ಬಂತು. ಕೊನೆಯ ಚುಕ್ಕಿ ತುಂಬಿದಾಗ ಎಲ್ಲರಿಗೂ ಕಂಡಿತು: ಮದರಾಸಿನ ಕರಾವಳಿಯಿಂದಾಚೆ ಸುರುಳಿ ಸುತ್ತಿಕೊಂಡು ಕೂತಿದ್ದ ಮೋಡ.

ಯಾರೂ ಅದನ್ನು ತುಳಿಯದಂತೆ ಸುತ್ತ ಹಗ್ಗ ಕಟ್ಟಿದರು. ಮರುದಿನ ಅದರ ಪಕ್ಕದಲ್ಲೇ ಇನ್ನೊಂದು ರಂಗೋಲಿ ಮೂಡಿತು. ಸುರುಳಿ ಪಡುವಣಕ್ಕೆ ಸರಿದಿತ್ತು, ದಪ್ಪವಾಗಿತ್ತು.

“ಬರತೈತೆ ಅಂತ ನನಗನ್ನಸ್ತೈತೆ” ಎಂದರು ಉಮಾಮಹೇಶ್ವರಿ ಫೋನಿನಲ್ಲಿ. “ಕೊಯ್ದಿದ್ದನ್ನ ಒಳಗೆ ಹಾಕ್ರಿ. ನಿಂತದ್ದನ್ನ ಮುಟ್ಟಬ್ಯಾಡ್ರಿ. ಇನ್ನೊಂದ್ ಮಾತೈತೆ. ಗಾಳಿ ಜೋರಾದ್ರೆ ನಿಂತ ಬತ್ತ ಮಲಗತೈತೆ. ತಗ್ಗಿನ ಗದ್ದೆಯೋರಿಗೆ ಲುಕ್ಸಾನು ಆಗತೈತೆ. ಅದನ್ನೂ ಕೂಗಿ ಹೇಳ್ರಿ ಯಜಮಾನ್ರೇ, ಬಿಡಬ್ಯಾಡ್ರಿ.”

ಉಜ್ಜನಪ್ಪ ಒಂದಕ್ಷರ ಬಿಡದೆ ಕೂಗಿದರು.

ಮಳೆ ಬಂತು. ಹಗಲೂ ಇರುಳೂ ಸುರಿದು, ಸುತ್ತಣ ಹಳ್ಳಿಗಳಲ್ಲಿ ಕೊಯ್ದು ಹಾಸಿದ ಬತ್ತ ನೀರಿನಲ್ಲಿ ತೇಲಿ ಮೊಳಕೆಯೊಡೆಯಿತು. ನಂದಿಗುಡಿಯ ಬತ್ತ ಬಹುಪಾಲು ನಿಂತೇ ನೆನೆದು, ನಿಂತೇ ಒಣಗಿತು. ತಗ್ಗಿನ ಗದ್ದೆಗಳು ಮಾತ್ರ ಚಾಪೆಯಂತೆ ಮಲಗಿದವು. ಅವುಗಳಲ್ಲಿ ಸಣ್ಣಬೀರಪ್ಪನೆಂಬ ರೈತನ ಗದ್ದೆಯೂ ಒಂದು. ಬಿಸಿಲು ಬಂದ ಮೇಲೆ ಉಮಾಮಹೇಶ್ವರಿಯವರು ಊರಿಗೆ ಹೋದಾಗ ಮೊದಲು ಹೋದದ್ದು ಅವನ ಗದ್ದೆಯ ಬದುವಿಗೆ. ಮಲಗಿದ ತೆನೆಯನ್ನು ಎತ್ತಿ ಕಟ್ಟುತ್ತಿದ್ದ ಸಣ್ಣಬೀರಪ್ಪ ಬೆನ್ನು ನೆಟ್ಟಗೆ ಮಾಡಿ ನೋಡಿದ.

“ನನ್ನ ಮಾತು ಕೇಳಿ ನಿನಗೆ ಲುಕ್ಸಾನಾತಲ್ಲಪ್ಪ.”

“ಆತು. ಮಲಗತೈತೆ ಅಂತ ಹೇಳಿದ್ರಿ, ಮಲಗೇತಿ. ಕೊಯ್ದಿದ್ರೆ ಇಷ್ಟೂ ಸಿಗ್ತಿರಲಿಲ್ಲ” ಎಂದ ಆತ. ಒಂದು ಹಿಡಿ ತೆನೆ ಮುಂದೆ ಚಾಚಿ, “ಬರ್ರಿ, ಬಂದು ನಿಂತದ್ದಕ್ಕೆ ಒಂದು ಕಟ್ಟು ಕಟ್ರಿ” ಎಂದ. ಅವರು ಕೋಟಿನ ತೋಳು ಮಡಚಿ ಕೆಸರಿಗಿಳಿದರು. ಮಧ್ಯಾಹ್ನದವರೆಗೂ ಇಬ್ಬರೂ ತೆನೆ ಕಟ್ಟಿದರು.

ಕಂಪನಿ ವರ್ಷ ಕಳೆಯುವುದರೊಳಗೆ ಬಾಗಿಲು ಹಾಕಿತು. ಬಕ್ಕೇಶ್ ಮತ್ತೆ ಪಂಪ್‌ಸೆಟ್ಟು ಮಾರತೊಡಗಿದರು; ಆದರೆ ಅವರ ಅಂಗಡಿಗೆ ಹೋದ ನಂದಿಗುಡಿಯವರು ಬಂದು ಹೇಳಿದ ಪ್ರಕಾರ, ಯಾವ ಮೋಟಾರು ಎಷ್ಟು ವರ್ಷಕ್ಕೆ ಸುಡುತ್ತದೆಂಬುದನ್ನೂ ಈಗ ಕೇಳದೆಯೇ ಹೇಳುತ್ತಿದ್ದರಂತೆ. ಮೊದಮೊದಲು ಹೇಳುವಾಗ ಧ್ವನಿ ಸಣ್ಣಗಾಗುತ್ತಿತ್ತಂತೆ, ಆಮೇಲೆ ರೂಢಿಯಾಯಿತಂತೆ. ವಾಣಿ ಊರಿನ ಶಾಲೆಯ ಹೆಣ್ಣುಮಕ್ಕಳಿಗೆ ಮೋಡದ ನಡಿಗೆ ಕಲಿಸತೊಡಗಿದಳು. ‘ಸ್ಕೈಲ್ಯಾಬ್’ ಎಂಬ ಅಡ್ಡಹೆಸರನ್ನು ಊರು ತಾನಾಗಿಯೇ ಬಿಟ್ಟಿತು. ಉಜ್ಜನಪ್ಪನನ್ನು ನೋಡಿ ನಗಲು ಯಾರಿಗೂ ಈಗ ಕಾರಣವಿರಲಿಲ್ಲ. ಹರಿಹರದಲ್ಲಿ ಇನ್ನೊಂದು ಕಂಪನಿ ಇನ್ನೊಂದು ಬಗೆಯ ಇಂಟರ್‌ನೆಟ್ಟಿನ ಮಾತೆತ್ತಿದಾಗ, ನಂದಿಗುಡಿಯವರು ಹಿಂಜರಿಯಲಿಲ್ಲ. ಬಂದ ಅಧಿಕಾರಿಯನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಕೇಳಬೇಕಾದ್ದನ್ನೆಲ್ಲ ಒಂದೊಂದಾಗಿ ಕೇಳಿದರು. ಆತ ಬೆವರಿದನಂತೆ. ಆದರೆ ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಲೋಕಕ್ಕೆ ಹೊಸತು ಬಂದಾಗಲೆಲ್ಲ ಎರಡು ಬಗೆಯ ಜನ ಅದರ ಜೊತೆ ಬರುತ್ತಾರೆ. ಆಸೆಯನ್ನು ಮಾರುವವರು ಒಂದು ಕಡೆ, ಭಯವನ್ನು ಮಾರುವವರು ಇನ್ನೊಂದು ಕಡೆ. ಇಬ್ಬರೂ ಸರಕಿನ ಅರ್ಧವನ್ನೇ ತೋರಿಸುತ್ತಾರೆ, ಇಬ್ಬರಿಗೂ ಚಪ್ಪಾಳೆ ಸಿಗುತ್ತದೆ. ಈ ಎರಡರ ನಡುವೆ ನಿಂತು ಪೂರ್ತಿ ಹೇಳುವವರಿಗೆ ಎರಡೂ ಕಡೆಯ ಮುನಿಸು ಸಿಗುತ್ತದೆಯೇ ಹೊರತು ಚಪ್ಪಾಳೆಯಲ್ಲ. ಅವರನ್ನು ಅಪಶಕುನವೆನ್ನುತ್ತೇವೆ, ಸಭೆಯಲ್ಲಿ ಹಿಂದಿನ ಸಾಲಿಗೆ ಕೂರಿಸುತ್ತೇವೆ. ಅವರಿಗೆ ಅದರಿಂದ ಬೇಸರವಾದಂತೆಯೂ ಕಾಣುವುದಿಲ್ಲ. ಜನ ನಿಜವನ್ನು ಹೊರಬಲ್ಲರೆಂಬ ನಂಬಿಕೆಯೊಂದು ಅವರನ್ನು ಒಳಗಿನಿಂದ ಬೆಚ್ಚಗಿಟ್ಟಿರುತ್ತದೆ. ಉಪಗ್ರಹಗಳು ಸಾಯುತ್ತವೆ, ಕಂಪನಿಗಳು ಮುಳುಗುತ್ತವೆ, ನಿನ್ನೆಯ ಬೆರಗು ಇಂದಿನ ಗುಜರಿಯಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಊರು ಮತ್ತೊಂದು ಹೊಸತಿಗೆ ಕದ ತೆರೆಯುವ ಧೈರ್ಯ ಮಾಡುತ್ತದೆಯಾದರೆ, ಅಂಥವರೊಬ್ಬರು ಆ ಊರಿನಲ್ಲಿ ಎಂದೋ ಬದುಕಿದ್ದರೆಂದು ತಿಳಿಯಬೇಕು.